ಮೋಟಾರ್‌ಹೋಮ್‌ಗೆ ಎಚ್‌ಡಿ ಡಿಟಿಎಚ್: ಡಿಶ್ ನಿಲ್ಲಿಸುವುದರಿಂದ ಚಿತ್ರ ಬರುವವರೆಗೆ

ಟೆಂಪೋ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಓಡಾಡುವ ಮನೆಯಾಗಿ ಮಾಡಿಸಿಕೊಂಡವರು ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಕೂತ ಮೇಲೆ ಕೇಳುವುದು ಹೆಚ್ಚುಕಡಿಮೆ ಇಷ್ಟೇ: “ಮನೆಯ ಡಿಟಿಎಚ್ ಬಾಕ್ಸನ್ನೇ ಗಾಡಿಗೆ ತಂದರೆ ನಡೆಯುತ್ತಾ? ಎಚ್‌ಡಿಗೆ ಬೇರೆ ಡಿಶ್ ಬೇಕಾ?” ಮೊದಲನೆಯದಕ್ಕೆ ಉತ್ತರ, ನಡೆಯುತ್ತದೆ. ಎರಡನೆಯದಕ್ಕೆ, ಬೇಡ. ಅಂಗಡಿಯಲ್ಲಿ “ಎಚ್‌ಡಿ ಡಿಶ್” ಎಂದು ಹೇಳಿ ಕೊಡುವುದೂ ಮಾಮೂಲಿ 60 ಸೆಂಟಿಮೀಟರ್ ತಟ್ಟೆಯೇ. ಎಚ್‌ಡಿ ಆಗಿರಬೇಕಾದದ್ದು ಬಾಕ್ಸು, ಟಿವಿ ಮತ್ತು ನೀವು ದುಡ್ಡು ಕಟ್ಟಿದ ವಾಹಿನಿ.

ಆದರೆ ಎಚ್‌ಡಿ ಸ್ವಲ್ಪ ಹಟಮಾರಿ. ಅದು ಸಾಮಾನ್ಯವಾಗಿ ಡಿವಿಬಿ-ಎಸ್2 ಎಂಬ ವಿಧಾನದಲ್ಲಿ ಬರುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ತುಂಬಿ ಕಳಿಸುವುದರಿಂದ ಸಿಗ್ನಲ್ ಹೆಚ್ಚು ಶುದ್ಧವಾಗಿರಬೇಕು. ಡಿಶ್ ಸ್ವಲ್ಪ ಆಚೀಚೆ ಇದ್ದರೂ ಮಾಮೂಲಿ ವಾಹಿನಿ ಹೇಗೋ ಓಡಬಹುದು, ಅದೇ ಹೊತ್ತಿಗೆ ಎಚ್‌ಡಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮನೆಯ ಡಿಶ್ಶನ್ನು ಮೆಕ್ಯಾನಿಕ್ ಒಮ್ಮೆ ಕೂರಿಸಿ ಹೋದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಗಾಡಿಯವರು ಅದೇ ಕೆಲಸವನ್ನು ನಿಂತ ಊರಲ್ಲೆಲ್ಲ ತಾವೇ ಮಾಡಿಕೊಳ್ಳಬೇಕು. ಈ ಲೇಖನ ಇರುವುದು ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಓಡಾಡುವುದು ಬರೀ ಹೆದ್ದಾರಿ ಬದಿಯ ಊರುಗಳಲ್ಲಾದರೆ ಇಷ್ಟೆಲ್ಲ ಬೇಡ, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಡಿಶ್ ಕೈಹಿಡಿಯುವುದು ಟವರ್ ಸಿಗದ ಕಡೆ: ಪಶ್ಚಿಮ ಘಟ್ಟದ ಮಡಿಲು, ಹಿಮಾಲಯದ ಕಣಿವೆಗಳು. ಲಡಾಖ್, ಜಮ್ಮು–ಕಾಶ್ಮೀರಕ್ಕೆ ಹೊರಟವರಿಗಂತೂ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು ಎನ್ನುವುದು ಗೊತ್ತೇ ಇರುತ್ತದೆ. ಉಪಗ್ರಹಕ್ಕೆ ಆ ಗಡಿ ಇಲ್ಲ. ನಮ್ಮ ಡಿಟಿಎಚ್ ಸಿಗ್ನಲ್ ಕನ್ಯಾಕುಮಾರಿಯಿಂದ ಲೇಹ್‌ವರೆಗೆ ಒಂದೇ.

ಏನೇನು ಬೇಕು

ಎಚ್‌ಡಿ ಸೆಟ್‌ಟಾಪ್ ಬಾಕ್ಸ್. 60 ಸೆಂಟಿಮೀಟರ್ ಡಿಶ್. ಅದರ ತೋಳಿನ ತುದಿಯಲ್ಲಿ ಕೂರುವ ಎಲ್‌ಎನ್‌ಬಿ. ಆಕಾಶದಿಂದ ಬಂದ ಅತಿ ಹೆಚ್ಚಿನ ಆವರ್ತನವನ್ನು ಕೇಬಲ್ಲಿನಲ್ಲಿ ಹರಿಯುವಷ್ಟಕ್ಕೆ ಇಳಿಸಿ ಕೊಡುವ ಪುಟ್ಟ ಯಂತ್ರ ಅದು. ಡಿಶ್ ನಿಲ್ಲಿಸಲು ಗಟ್ಟಿಯಾದ ಮುಕ್ಕಾಲಿ ಸ್ಟ್ಯಾಂಡ್. ಡಿಶ್ಶಿನಿಂದ ಬಾಕ್ಸಿಗೆ 10ರಿಂದ 15 ಮೀಟರ್ ಆರ್‌ಜಿ-6 ಕೇಬಲ್. ಎಚ್‌ಡಿಎಂಐ ಕೇಬಲ್. ಒಂದು ರಸಮಟ್ಟ, ಸ್ಪ್ಯಾನರ್, ಮೊಬೈಲಿನಲ್ಲಿ ದಿಕ್ಸೂಚಿ. ಸಿಗ್ನಲ್ ಸಿಕ್ಕಾಗ ಬೀಪ್ ಎನ್ನುವ ಸ್ಯಾಟ್ ಫೈಂಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಗುಂಡಿ ಒತ್ತಿದರೆ ತಾನೇ ಎದ್ದು ಉಪಗ್ರಹ ಹುಡುಕುವ ಆಟೋಮ್ಯಾಟಿಕ್ ಡಿಶ್ಶುಗಳ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ ಎನ್ನುವುದು ನನ್ನ ಸಲಹೆ. ಯುರೋಪಿನ ಗಾಡಿಗಳಿಗೆಂದು ಮಾಡಿದ ಮಾದರಿಗಳ ನೆನಪಿನಲ್ಲಿ ಅಲ್ಲಿನ ಉಪಗ್ರಹಗಳಿರುತ್ತವೆ, ನಮ್ಮವನ್ನು ಸೇರಿಸಲು ಬರುತ್ತದೋ ಇಲ್ಲವೋ ಕೇಳಬೇಕು. ಅದಕ್ಕಿಂತ ದೊಡ್ಡ ತೊಡಕು ಎತ್ತರದ ಕೋನ. ಬೆಂಗಳೂರಿನಲ್ಲಿ ಏರ್‌ಟೆಲ್ ಬಿಟ್ಟು ಉಳಿದವಕ್ಕೆ ಡಿಶ್ 65–73 ಡಿಗ್ರಿಯಷ್ಟು ಮೇಲಕ್ಕೆ ನೋಡಬೇಕು. ಅಷ್ಟು ಏಳದ ಮಾದರಿ ತಂದರೆ ಅದು ಛಾವಣಿಯ ಮೇಲೆ ಅಲಂಕಾರಕ್ಕಷ್ಟೆ. ಮುಕ್ಕಾಲಿ ಸ್ಟ್ಯಾಂಡಿಗೆ ಇನ್ನೊಂದು ದೊಡ್ಡ ಗುಣವಿದೆ: ಗಾಡಿಯನ್ನು ಮರದ ನೆರಳಲ್ಲಿ ನಿಲ್ಲಿಸಿ ಡಿಶ್ಶನ್ನು ಮಾತ್ರ ಬಿಸಿಲಿಗೆ ಒಯ್ಯಬಹುದು. ಛಾವಣಿಗೆ ಬಿಗಿದ ಡಿಶ್ಶಿನವರು ಏಪ್ರಿಲ್ ತಿಂಗಳಲ್ಲೂ ಗಾಡಿಯನ್ನೇ ಬಿಸಿಲಿಗೆ ಹಾಕಿಕೊಂಡು ಬೇಯಬೇಕು.

1. ಸಂಪರ್ಕ ಯಾವುದು ಎಂದು ತೀರ್ಮಾನಿಸಿ

ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವವರಾದರೆ ಮನೆಯ ಬಾಕ್ಸನ್ನೇ ಒಯ್ಯಿರಿ. ಹಿರಿಯರು ಮನೆಯಲ್ಲೇ ಉಳಿಯುತ್ತಾರೆ ಎಂದಾದರೆ ಬೇರೆ ಸಂಪರ್ಕ ತೆಗೆದುಕೊಳ್ಳುವುದೇ ವಾಸಿ. ಬಾಕ್ಸಿನೊಳಗಿನ ವ್ಯೂಯಿಂಗ್ ಕಾರ್ಡನ್ನು ಮಾತ್ರ ಕಿತ್ತು ಇನ್ನೊಂದು ಬಾಕ್ಸಿಗೆ ಹಾಕುವ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ. ಕಾರ್ಡು ಬಾಕ್ಸಿಗೆ ಜೋಡಿಯಾಗಿರುತ್ತದೆ.

ತಿಂಗಳ ಬಾಡಿಗೆಯೇ ಬೇಡ ಎನ್ನುವವರಿಗೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಚಂದನ ಸಿಗುತ್ತದೆ, ಸುದ್ದಿಯೂ ಸಿಗುತ್ತದೆ. ಆದರೆ ಅದರಲ್ಲಿರುವುದು ಬಹುಪಾಲು ಮಾಮೂಲಿ ಗುಣಮಟ್ಟದ ವಾಹಿನಿಗಳು. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವುಗಳ ಎಚ್‌ಡಿ ರೂಪ ಬೇಕೆಂದರೆ ದುಡ್ಡು ಕಟ್ಟುವ ಡಿಟಿಎಚ್ಚೇ ಬೇಕು. ಪ್ಯಾಕ್ ತೆಗೆದುಕೊಳ್ಳುವಾಗ ಪಟ್ಟಿಯಲ್ಲಿ ಎಚ್‌ಡಿ ಎಂದು ಬರೆದಿರುವ ವಾಹಿನಿಯನ್ನೇ ಆರಿಸಿದ್ದೀರಾ ನೋಡಿ. ಎಚ್‌ಡಿ ಬಾಕ್ಸ್, ಎಚ್‌ಡಿ ಟಿವಿ ಎರಡೂ ಇದ್ದು ವಾಹಿನಿ ಮಾತ್ರ ಮಾಮೂಲಿಯದಾಗಿ, “ಚಿತ್ರ ಮಸುಕು” ಎಂದು ಡಿಶ್ಶನ್ನು ಬೈಯುವವರು ಕಡಿಮೆಯಿಲ್ಲ.

ಹೊರಡುವ ಹಿಂದಿನ ದಿನ ರೀಚಾರ್ಜ್ ಮಾಡಿಸಿ, ಬಾಕ್ಸನ್ನು ಮನೆಯಲ್ಲೇ ಸ್ವಲ್ಪ ಹೊತ್ತು ಓಡಿಸಿ. ಬಹಳ ದಿನ ಆರಿಸಿಟ್ಟ ಬಾಕ್ಸಿಗೆ ಅನುಮತಿಯ ಸಂಕೇತ ಮತ್ತೆ ತಲುಪಬೇಕಾಗುತ್ತದೆ. ಟವರ್ ಇಲ್ಲದ ಕಾಡಿನಲ್ಲಿ ನಿಂತುಕೊಂಡು ಕಂಪನಿಯ ಆ್ಯಪ್‌ನಿಂದ ರಿಫ್ರೆಶ್ ಕಳಿಸಲು ಆಗುವುದಿಲ್ಲ.

2. ಕರೆಂಟಿನ ಲೆಕ್ಕ ಹಾಕಿ

24 ಇಂಚಿನ ಎಲ್‌ಇಡಿ ಟಿವಿ ಸುಮಾರು 30 ವ್ಯಾಟ್, ಬಾಕ್ಸು ಮತ್ತು ಎಲ್‌ಎನ್‌ಬಿ ಸೇರಿ 10–12 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 42 ವ್ಯಾಟ್. 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. ನಾಲ್ಕು ಗಂಟೆ ನೋಡಿದರೆ 14 ಆಂಪಿಯರ್-ಅವರ್ ಹೋಯಿತು. 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ ನಿಮ್ಮ ಕೈಯಲ್ಲಿರುವುದು 50. ಫ್ರಿಜ್ಜು, ಫ್ಯಾನು, ದೀಪ ಎಲ್ಲಕ್ಕೂ ಅದರಲ್ಲೇ ಪಾಲು. ಲಿಥಿಯಂ ಬ್ಯಾಟರಿ ಇದ್ದವರು ಸ್ವಲ್ಪ ಧಾರಾಳವಾಗಿರಬಹುದು.

ಟಿವಿಗೆ ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಯಿಂದ ಯಾವತ್ತೂ ಕರೆಂಟು ತೆಗೆಯಬೇಡಿ. ರಾತ್ರಿ ಮ್ಯಾಚ್ ನೋಡಿ ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಮನೆಬಳಕೆಯ ಬ್ಯಾಟರಿ ಬೇರೆಯೇ ಇರಬೇಕು.

ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ, ಮತ್ತೆ ಅಡಾಪ್ಟರ್‌ನಿಂದ 12 ವೋಲ್ಟಿಗೆ ಇಳಿಸುವುದು ದಂಡ. ಹಲವು ಸೆಟ್‌ಟಾಪ್ ಬಾಕ್ಸುಗಳ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದೇ ಬರೆದಿರುತ್ತದೆ. ಅಂಥ ಬಾಕ್ಸಿಗೂ 12 ವೋಲ್ಟ್ ಟಿವಿಗೂ ಬ್ಯಾಟರಿಯಿಂದ ನೇರ ಕೊಡಬಹುದು ಅನ್ನಿಸುತ್ತದೆ, ಆದರೆ ಕೊಡಬೇಡಿ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟಿನವರೆಗೆ ಏರುತ್ತದೆ, ಖಾಲಿಯಾಗುತ್ತ 11ರ ಆಸುಪಾಸಿಗೆ ಇಳಿಯುತ್ತದೆ. ಒಳಗೆ ಎಷ್ಟೇ ಬರಲಿ ಹೊರಗೆ 12 ವೋಲ್ಟನ್ನೇ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಒಂದನ್ನು ನಡುವೆ ಹಾಕಿ. ನಿಮ್ಮದು ಬಸ್ಸೋ ಲಾರಿಯೋ ಆಗಿದ್ದು 24 ವೋಲ್ಟಿನ ಗಾಡಿಯಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಇಲ್ಲದೆ ಬಾಕ್ಸಿನ ಪಿನ್ ಮುಟ್ಟಲೇಬೇಡಿ. ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಎಳೆದುಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್‌ಗೆ ಬೇಡ ಎನ್ನಿ. ಒಂದು ಬ್ಯಾಟರಿ ಮಾತ್ರ ಸವೆದು ಎರಡೂ ಹಾಳಾಗುತ್ತವೆ.

ಧನ (ಪ್ಲಸ್) ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ, ಈ ಹೊರೆಗೆ 7.5 ಆಂಪಿಯರ್ ಸಾಕು. ಐದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಎಳೆಸಿ. ತೆಳ್ಳಗಿನ ತಂತಿ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಕರಗಿ, ಟಿವಿಯ ಸದ್ದು ಹೆಚ್ಚಿಸಿದಾಗಲೆಲ್ಲ ಬಾಕ್ಸು ಆರಿ ಹತ್ತುತ್ತಿರುತ್ತದೆ.

3. ಕೇಬಲ್ ಒಳಗೆ ತನ್ನಿ

ಛಾವಣಿಗೆ ತೂತು ಕೊರೆಯುವ ಬದಲು ಗಾಡಿಯ ಪಕ್ಕದಲ್ಲಿ, ಕೈಗೆಟುಕುವ ಎತ್ತರದಲ್ಲಿ, ಮುಚ್ಚಳವಿರುವ ಸಾಕೆಟ್ ಕೂರಿಸುವುದು ಒಳ್ಳೆಯದು. ಹೊರಗಿನ ಕೇಬಲ್ಲನ್ನು ಅದಕ್ಕೆ ತಿರುಗಿಸಿದರೆ ಮುಗಿಯಿತು. ಸುತ್ತ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ಕೇಬಲ್ ಸಾಕೆಟ್ಟಿಗೆ ಸೇರುವ ಮುಂಚೆ ಕೆಳಗೆ ಒಂದು ಬಾಗು ಬಿಡಿ. ಮಳೆನೀರು ಕೇಬಲ್ ಗುಂಟ ಹರಿದು ಸಾಕೆಟ್ಟಿನೊಳಗೆ ಇಳಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕೇಬಲ್ಲಿನ ತುದಿಗೆ ಹಾಕುವ ಎಫ್ ಕನೆಕ್ಟರ್ ವಿಷಯದಲ್ಲಿ ಜಿಪುಣತನ ಬೇಡ. ತಿರುಗಿಸಿ ಹಾಕುವ ಅಗ್ಗದ ಮಾದರಿ ಗಾಡಿಯ ಅಲುಗಾಟಕ್ಕೆ ಸಡಿಲವಾಗುತ್ತದೆ, ಒತ್ತಿ ಕೂರಿಸುವ ಕಂಪ್ರೆಷನ್ ಮಾದರಿ ಹಾಕಿಸಿ. ಸುತ್ತಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್ ಆಗುತ್ತದೆ. ಬಾಕ್ಸು ಇದೇ ಕೇಬಲ್ಲಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತಿರುತ್ತದೆ: 13 ಬಂದರೆ ಲಂಬ ತರಂಗ, 18 ಬಂದರೆ ಅಡ್ಡ ತರಂಗ ಹಿಡಿ ಎಂಬ ಸೂಚನೆ ಅದು. ಹಾಗಾಗಿ ಬಾಕ್ಸು ಆರಿಸದೆ ಕೇಬಲ್ ಹಾಕುವುದು, ಕೀಳುವುದು ಎರಡೂ ಕೂಡದು.

ಎರಡು ಟಿವಿ ಬೇಕೆನ್ನುವವರು ಕೇಬಲ್ ಟಿವಿಯ ಸ್ಪ್ಲಿಟರ್ ಹಾಕಿ ಕೂರಬೇಡಿ. ಎರಡು ಹೊರದಾರಿಯ ಎಲ್‌ಎನ್‌ಬಿ ಮತ್ತು ಎರಡು ಕೇಬಲ್ ಬೇಕು.

4. ಜಾಗ ಆರಿಸಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಡಿಟಿಎಚ್ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜತೆಗೇ ಸುತ್ತುತ್ತ ನಮ್ಮ ಪಾಲಿಗೆ ನಿಂತಲ್ಲೇ ನಿಂತಿವೆ. ಕರ್ನಾಟಕ ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅವು ನಮಗೆ ಹೆಚ್ಚುಕಡಿಮೆ ನೆತ್ತಿಯ ಕಡೆಗೇ ಇರುತ್ತವೆ. ಬೆಂಗಳೂರಿನಿಂದ ನೋಡಿದರೆ ಲೆಕ್ಕ ಹೀಗಿದೆ. ದಿಕ್ಕನ್ನು ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180 ಎಂದು ಎಣಿಸಿ. ಎತ್ತರವನ್ನು ದಿಗಂತ ಸೊನ್ನೆ, ನೆತ್ತಿ 90 ಎಂದು. ಆವರಣದಲ್ಲಿರುವುದು ಉಪಗ್ರಹ ನಿಂತಿರುವ ರೇಖಾಂಶ.

ಟಾಟಾ ಪ್ಲೇ (83 ಡಿಗ್ರಿ ಪೂರ್ವ): ದಿಕ್ಕು 157, ಎತ್ತರ 73
ಡಿ2ಎಚ್ (88 ಪೂರ್ವ): ದಿಕ್ಕು 141, ಎತ್ತರ 70
ಡಿಡಿ ಫ್ರೀ ಡಿಶ್ (ಜಿಸ್ಯಾಟ್-15, 93.5 ಪೂರ್ವ): ದಿಕ್ಕು 128, ಎತ್ತರ 66
ಡಿಶ್ ಟಿವಿ (95 ಪೂರ್ವ): ದಿಕ್ಕು 126, ಎತ್ತರ 65
ಏರ್‌ಟೆಲ್ (108.2 ಪೂರ್ವ): ದಿಕ್ಕು 111, ಎತ್ತರ 52

ಬೀದರಿಗೆ ಹೋದರೆ ಫ್ರೀ ಡಿಶ್ ಉಪಗ್ರಹ 137ರ ದಿಕ್ಕಿಗೆ ಸರಿದು 62ಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ 123 ಮತ್ತು 64. ಲೇಹ್ ತಲುಪಿದಾಗ 153ರ ದಿಕ್ಕು, ಎತ್ತರ 47 ಮಾತ್ರ.

ಇದರಿಂದ ತಿಳಿಯಬೇಕಾದದ್ದು: ನಮ್ಮಲ್ಲಿ ಎದುರಿನ ಗುಡ್ಡ, ಪಕ್ಕದ ಕಟ್ಟಡ ಅಷ್ಟು ಅಡ್ಡಿಯಲ್ಲ. ಅಡ್ಡಿಯಾಗುವುದು ತಲೆಯ ಮೇಲಿನ ಕೊಂಬೆ. ತೆಂಗಿನ ತೋಟ, ಅಡಿಕೆ ತೋಟ, ಹೋಂಸ್ಟೇಯ ಹಲಸಿನ ಮರದಡಿ ಎಷ್ಟು ತಂಪಾಗಿದ್ದರೂ ಸಿಗ್ನಲ್ ಇಳಿಯುವುದಿಲ್ಲ. ಗಾಳಿಗೆ ಗರಿ ಆಡುವ ಕಡೆ ಚಿತ್ರ ಬಂದು ಬಂದು ಹೋಗುತ್ತಿದ್ದರೆ ಕಾರಣ ಅದೇ. ಉತ್ತರಕ್ಕೆ ಹೋದಂತೆ ಸಂಗತಿ ತಿರುಗುತ್ತದೆ: ಲಡಾಖಿನ ಇಕ್ಕಟ್ಟು ಕಣಿವೆಯಲ್ಲಿ ದಕ್ಷಿಣದ ಕಡಿದಾದ ಬೆಟ್ಟ ಅಡ್ಡ ಬರಬಹುದು.

ಇನ್ನೊಂದು ಮೋಸವಿದೆ. ನಾವು ಬಳಸುವುದು ಆಫ್‌ಸೆಟ್ ಡಿಶ್, ಅಂದರೆ ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಡೆಗೆ ಸರಿದಿರುವ ತಟ್ಟೆ. ಅದರ ಮುಖ ನೋಡುವ ಕಡೆಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಸಿಗ್ನಲ್ ಬರುತ್ತದೆ. ತಟ್ಟೆಯ ಎದುರು ಬಯಲು ಕಂಡಿತೆಂದು ನಂಬಬೇಡಿ. ಮೊಬೈಲಿನ ಕೋನಮಾಪಕ ಆ್ಯಪ್ ತೆರೆದು ನಿಮ್ಮ ಉಪಗ್ರಹದ ದಿಕ್ಕಿಗೆ, ಅದರ ಎತ್ತರದಷ್ಟು (ಬೆಂಗಳೂರಿನಲ್ಲಿ ಫ್ರೀ ಡಿಶ್ ಆದರೆ 66 ಡಿಗ್ರಿ) ಎತ್ತಿ, ಆ ಗೆರೆಯಲ್ಲಿ ಆಕಾಶ ಕಾಣುತ್ತದೆಯೇ ನೋಡಿ.

ವಿದ್ಯುತ್ ತಂತಿಯ ಕೆಳಗೆ ಡಿಶ್ ಎತ್ತಬೇಡಿ. ಗುಡುಗು ಶುರುವಾಗುವ ಮೊದಲೇ ಬಾಕ್ಸು ಆರಿಸಿ ಕೇಬಲ್ಲನ್ನು ಹೊರಗಿನ ಸಾಕೆಟ್ಟಿನಿಂದ ಕಿತ್ತುಬಿಡಿ.

5. ಸ್ಟ್ಯಾಂಡ್ ನಿಲ್ಲಿಸಿ

ಕಂಬ ನೆಟ್ಟಗಿರಬೇಕು. ರಸಮಟ್ಟವನ್ನು ಕಂಬಕ್ಕೆ ಎರಡು ಬದಿಯಿಂದ ಹಿಡಿದು ನೋಡಿ. ಕಂಬ ಮೂರು ಡಿಗ್ರಿ ವಾಲಿದರೆ ಡಿಶ್ಶಿನ ಹಿಂದಿನ ಅಳತೆಪಟ್ಟಿ ತೋರಿಸುವುದೆಲ್ಲ ಸುಳ್ಳು, ಮುಂದಿನ ಹೆಜ್ಜೆಯಲ್ಲಿ ಅರ್ಧ ಗಂಟೆ ವ್ಯರ್ಥ. ಕಾಲುಗಳ ನಡುವೆ ನೀರು ತುಂಬಿದ 20 ಲೀಟರ್ ಕ್ಯಾನನ್ನು ಹಗ್ಗದಲ್ಲಿ ತೂಗಿಬಿಡಿ. ಕರಾವಳಿಯ ಸಂಜೆಗಾಳಿಗೆ 60 ಸೆಂಟಿಮೀಟರ್ ತಟ್ಟೆ ಗಾಳಿಪಟದಂತೆ ಎದ್ದುಬಿಡುತ್ತದೆ.

6. ಉಪಗ್ರಹ ಹಿಡಿಯಿರಿ

ಕ್ರಮ ತಪ್ಪಿಸಬೇಡಿ: ಮೊದಲು ಎತ್ತರ, ಆಮೇಲೆ ದಿಕ್ಕು, ಕೊನೆಗೆ ಎಲ್‌ಎನ್‌ಬಿ ತಿರುಗಿಸುವುದು.

ಡಿಶ್ಶಿನ ಹಿಂದಿನ ಪಟ್ಟಿಯಲ್ಲಿ ಎತ್ತರದ ಅಂಕಿಗೆ ಇಟ್ಟು ನಟ್ಟನ್ನು ಅರೆಬಿಗಿ ಮಾಡಿ. ಆಫ್‌ಸೆಟ್ಟಿನ ಲೆಕ್ಕ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಸೇರಿರುತ್ತದೆ, ನೀವು ಕಳೆಯಲು ಹೋಗಬೇಡಿ. ದಿಕ್ಕು ನೋಡುವಾಗ ಗಾಡಿಯಿಂದ ಮೂರು ನಾಲ್ಕು ಮೀಟರ್ ದೂರ ಬನ್ನಿ, ಗಾಡಿಯ ಕಬ್ಬಿಣ ಮೊಬೈಲಿನ ದಿಕ್ಸೂಚಿಯನ್ನು ಕೆಡಿಸುತ್ತದೆ. ಆ ದಿಕ್ಕಿಗೆ ಮರವೋ ಕಂಬವೋ ಯಾವುದಾದರೂ ಗುರುತು ಹಿಡಿದುಕೊಂಡು ಡಿಶ್ಶನ್ನು ಅದರತ್ತ ತಿರುಗಿಸಿ.

ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪುಟ ತೆರೆಯಿರಿ. ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂತ್’ ಎಂದರೆ ಎಷ್ಟು ಸದ್ದು ಬರುತ್ತಿದೆ, ‘ಕ್ವಾಲಿಟಿ’ ಎಂದರೆ ಆ ಸದ್ದಿನಲ್ಲಿ ಮಾತು ಎಷ್ಟು ಕೇಳುತ್ತಿದೆ. ಡಿಶ್ ಗೋಡೆ ನೋಡುತ್ತಿದ್ದರೂ ಸ್ಟ್ರೆಂತ್ ಅರ್ಧದಷ್ಟು ತೋರಿಸಬಹುದು. ನೀವು ನಂಬಬೇಕಾದದ್ದು ಕ್ವಾಲಿಟಿಯನ್ನು ಮಾತ್ರ. ಒಬ್ಬರು ಒಳಗೆ ಕೂತು ಅಂಕಿ ಹೇಳಲಿ, ಹೊರಗಿದ್ದವರು ಡಿಶ್ಶನ್ನು ಬೆರಳಗಲ ಸರಿಸಿ ಎರಡು ಮೂರು ಸೆಕೆಂಡ್ ಕಾಯಲಿ. ಬಾಕ್ಸು ಯೋಚಿಸಿ ಹೇಳಲು ಅಷ್ಟು ಹೊತ್ತು ಬೇಕು. ಸರಸರನೆ ತಿರುಗಿಸುವವರು ಉಪಗ್ರಹವನ್ನು ದಾಟಿ ಹೋಗಿರುತ್ತಾರೆ, ಗೊತ್ತೇ ಆಗಿರುವುದಿಲ್ಲ. ಸಿಗಲಿಲ್ಲವೆಂದರೆ ಎತ್ತರವನ್ನು ಎರಡು ಡಿಗ್ರಿ ಬದಲಿಸಿ ಮತ್ತೆ ಎಡದಿಂದ ಬಲಕ್ಕೆ ಬನ್ನಿ.

ಸ್ಯಾಟ್ ಫೈಂಡರ್ ಬೀಪ್ ಎಂದಿತು, ಚಿತ್ರ ಮಾತ್ರ ಇಲ್ಲ? ಅಗ್ಗದ ಫೈಂಡರ್‌ಗೆ ಯಾವ ಉಪಗ್ರಹ ಎಂದು ಗೊತ್ತಾಗುವುದಿಲ್ಲ, ಯಾವುದೋ ಒಂದು ಸಿಕ್ಕರೂ ಕೂಗುತ್ತದೆ. 93.5 ಮತ್ತು 95ರ ನಡುವೆ ಇರುವುದು ಒಂದೂವರೆ ಡಿಗ್ರಿ. ಫ್ರೀ ಡಿಶ್ ಹುಡುಕುವವರಿಗೆ ಡಿಶ್ ಟಿವಿ ಉಪಗ್ರಹ ಸಿಕ್ಕು ತಲೆ ಕೆಡುವುದು ಮಾಮೂಲು. ಕೂದಲೆಳೆಯಷ್ಟು ಪಡುವಣಕ್ಕೆ ಸರಿಸಿ ನೋಡಿ.

ಇನ್ನು ಎಲ್‌ಎನ್‌ಬಿ ತಿರುವು, ಸ್ಕ್ಯೂ ಎನ್ನುತ್ತಾರೆ. ಮಾಮೂಲಿ ವಾಹಿನಿ ಬಂದು ಎಚ್‌ಡಿ ಒಡೆಯುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಲಂಬ ಮತ್ತು ಅಡ್ಡ ತರಂಗಗಳು ಒಂದರೊಳಗೊಂದು ಬೆರೆಯದಿರಲು ಎಲ್‌ಎನ್‌ಬಿ ಉಪಗ್ರಹದ ವಾಲಿಕೆಗೆ ಸರಿಯಾಗಿ ವಾಲಿರಬೇಕು. ಡಿಶ್ಶಿನ ಹಿಂದೆ ಉಪಗ್ರಹದ ಕಡೆ ಮುಖ ಮಾಡಿ ನಿಂತರೆ, ಕರ್ನಾಟಕದಲ್ಲಿ ಮೇಲೆ ಹೇಳಿದ ಎಲ್ಲ ಉಪಗ್ರಹಗಳಿಗೂ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. 93.5ಕ್ಕೆ ಬೆಂಗಳೂರಿನಲ್ಲಿ ಲೆಕ್ಕ ಹೇಳುವುದು ಸುಮಾರು 50 ಡಿಗ್ರಿ, ಬೀದರಿನಲ್ಲಿ 40, ಲೇಹ್‌ನಲ್ಲಿ 22. 83ಕ್ಕೆ ಬೆಂಗಳೂರಿನಲ್ಲೇ 22ರಷ್ಟು. ಇಷ್ಟು ದೊಡ್ಡ ವ್ಯತ್ಯಾಸವನ್ನು ಮನೆಯಲ್ಲಿ ಒಮ್ಮೆ ಬಿಗಿದ ಎಲ್‌ಎನ್‌ಬಿ ತಡೆಯುವುದಿಲ್ಲ. ಅಂಕಿಯ ಆಸುಪಾಸಿಗೆ ಇಟ್ಟು, ಎಚ್‌ಡಿ ವಾಹಿನಿಯೊಂದನ್ನು ಹಾಕಿಕೊಂಡು, ಕ್ವಾಲಿಟಿ ಅತಿ ಹೆಚ್ಚು ಬರುವಲ್ಲಿ ನಿಲ್ಲಿಸಿ.

ಈಗ ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಅತ್ತ ಎಳೆದುಕೊಳ್ಳುತ್ತದೆ.

7. ಬಾಕ್ಸು, ಟಿವಿ ಹೊಂದಿಸಿ

ಎಚ್‌ಡಿಎಂಐ ಕೇಬಲ್ಲನ್ನೇ ಹಾಕಿ. ಕೆಂಪು, ಬಿಳಿ, ಹಳದಿ ತಂತಿ ಹಾಕಿದರೆ ಎಚ್‌ಡಿ ಬರುವುದೇ ಇಲ್ಲ. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಹೊರಹರಿವನ್ನು 1080ಐ ಅಥವಾ 720ಪಿ ಮಾಡಿ. 24 ಇಂಚಿನ ಟಿವಿಗಳಲ್ಲಿ ಬಹಳಷ್ಟು 1366×768 ಪರದೆಯವು. ಗಾಡಿಯೊಳಗೆ ನೀವು ಕೂರುವ ದೂರಕ್ಕೆ ಅದು ಸಾಕು, ಫುಲ್ ಎಚ್‌ಡಿಗೆಂದು ದುಡ್ಡು ಸುರಿಯಬೇಡಿ.

ಬಾಕ್ಸು ಬಿಸಿಯಾಗುತ್ತದೆ, ಕಪಾಟಿನೊಳಗೆ ಮುಚ್ಚಿಡಬೇಡಿ. ಟಿವಿಗೆ ಬೀಗವಿರುವ ಗೋಡೆಸ್ಟ್ಯಾಂಡ್ ಹಾಕಿಸಿ. ಚಾಲಕನ ಕಣ್ಣಿಗೆ ಬೀಳುವ ಕಡೆ ಪರದೆ ಇರಲೇಬಾರದು.

8. ಮಳೆ ಮತ್ತು ಸೂರ್ಯ

ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ದಟ್ಟ ಮಳೆ ಹೀರಿಬಿಡುತ್ತದೆ. ಜುಲೈಯಲ್ಲಿ ಆಗುಂಬೆಯಲ್ಲೋ ಮಡಿಕೇರಿಯಲ್ಲೋ ನಿಂತವರು ಚಿತ್ರ ಹೋದ ಕೂಡಲೇ ಛತ್ರಿ ಹಿಡಿದು ಡಿಶ್ ತಿರುಗಿಸಲು ಹೋಗಬೇಡಿ. ಮಳೆ ತಗ್ಗಿದರೆ ತಾನೇ ಬರುತ್ತದೆ. ಮುಟ್ಟಿದರೆ ಮಳೆ ನಿಂತ ಮೇಲೂ ಬರುವುದಿಲ್ಲ. ಮಳೆಗಾಲದಲ್ಲೇ ಹೆಚ್ಚು ಓಡಾಡುವವರು 75 ಸೆಂಟಿಮೀಟರ್ ಡಿಶ್ ತೆಗೆದುಕೊಂಡರೆ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ.

ಮಾರ್ಚ್‌ನ ವಿಷುವಕ್ಕೆ (ಹಗಲು ರಾತ್ರಿ ಸಮವಾಗುವ ದಿನ) ಸ್ವಲ್ಪ ಮೊದಲು ಮತ್ತು ಸೆಪ್ಟೆಂಬರಿನ ವಿಷುವ ಕಳೆದ ಮೇಲೆ ಕೆಲವು ದಿನ, ಹಗಲಿನಲ್ಲಿ ಒಂದೇ ಹೊತ್ತಿಗೆ ಕೆಲವು ನಿಮಿಷ ಸಿಗ್ನಲ್ ಹೋಗುತ್ತದೆ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ಅದರ ಗದ್ದಲದಲ್ಲಿ ಸಿಗ್ನಲ್ ಮುಳುಗುವುದರಿಂದ ಹಾಗಾಗುತ್ತದೆ. ಯಾವ ನಟ್ಟನ್ನೂ ಮುಟ್ಟದೆ ಕಾಫಿ ಕುಡಿದು ಬನ್ನಿ.

9. ಬಿಚ್ಚಿಡುವುದು

ಬಾಕ್ಸು ಆರಿಸಿ, ಕೇಬಲ್ ಕೀಳಿ, ಸಾಕೆಟ್ಟಿನ ಮುಚ್ಚಳ ಹಾಕಿ. ಎತ್ತರದ ನಟ್ಟನ್ನು ಸಡಿಲಿಸಬೇಡಿ. ಅದೇ ಜಿಲ್ಲೆಯ ಮುಂದಿನ ಊರಿನಲ್ಲಿ ಬರೀ ದಿಕ್ಕು ತಿರುಗಿಸಿದರೆ ಸಿಗ್ನಲ್ ಸಿಗುತ್ತದೆ. ಎಲ್‌ಎನ್‌ಬಿ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ಊರ ಹೆಸರು ಬರೆದಿಡಿ. ಕೇಬಲ್ಲನ್ನು ತಟ್ಟೆಯಗಲ ಸುತ್ತಿ ಇಡಿ, ಮಡಚಿದರೆ ಒಳಗಿನ ತಾಮ್ರ ಮುರಿಯುತ್ತದೆ. ಡಿಶ್ ಹೊರಗಿದ್ದಷ್ಟು ಹೊತ್ತೂ ಗಾಡಿಯ ಕೀಲಿಗೊಂಚಲು ಸ್ಪ್ಯಾನರ್ ಜತೆ ಸ್ಟ್ಯಾಂಡಿಗೇ ನೇತಾಡುತ್ತಿರಲಿ: ಕೇಬಲ್ ಸಿಕ್ಕಿಸಿಕೊಂಡೇ ಗಾಡಿ ಹೊರಡಿಸಿ ಸಾಕೆಟ್ ಕಿತ್ತುಕೊಂಡವರು ಬಹಳ ಮಂದಿ.